ಸ್ಟ್ರೈಕರ್ ಆಗಬೇಕಾ? ಮೊದಲು ಛೆಟ್ರಿಯವರ ಹೆಜ್ಜೆ ನೋಡಿ, ಆಮೇಲೆ ಚೆಂಡು

ಮಂಗಳೂರಿನ ನೆಹರೂ ಮೈದಾನಕ್ಕೆ ಸಂಜೆ ಐದು ಗಂಟೆಗೆ ಹೋಗಿ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ಗೋಲಿನ ಎದುರು ಇರುವ ಹುಡುಗರೆಲ್ಲ ಇಪ್ಪತ್ತೈದು ಮೀಟರ್ ದೂರದಿಂದ ಜೋರಾಗಿ ಒದೆಯುತ್ತಿರುತ್ತಾರೆ. ಹತ್ತರಲ್ಲಿ ಒಂದು ಒಳಗೆ ಹೋಗುತ್ತದೆ, ಅದಕ್ಕೊಂದು ದೊಡ್ಡ ಬೊಬ್ಬೆ, ಉಳಿದ ಒಂಬತ್ತನ್ನು ಹೆಕ್ಕಿ ತರುವುದರಲ್ಲೇ ಸಂಜೆ ಮುಗಿಯುತ್ತದೆ. ಎಲ್ಲರಿಗೂ ಸ್ಟ್ರೈಕರ್ ಆಗಬೇಕು, ಅಂದರೆ ಮುಂದೆ ನಿಂತು ಗೋಲ್ ಹೊಡೆಯುವವನು. ಸ್ಟ್ರೈಕರ್‌ನ ಕೆಲಸವನ್ನು ಮಾತ್ರ ಯಾರೂ ಅಭ್ಯಾಸ ಮಾಡುತ್ತಿಲ್ಲ.

ನಾನು ಭಾನುವಾರ ಬೆಳಿಗ್ಗೆ ಬಂದರಿನಿಂದ ದೋಣಿ ದಾಟಿ ಬೆಂಗ್ರೆಗೆ ಹೋಗಿ ಅಲ್ಲಿನ ಮರಳಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. "ಅಣ್ಣ, ಗೋಲ್ ಜಾಸ್ತಿ ಹೊಡೆಯಲಿಕ್ಕೆ ಏನು ಮಾಡಬೇಕು?" ಅಂತ ಪ್ರತಿ ವರ್ಷ ಹೊಸ ಹುಡುಗರು ಕೇಳುತ್ತಾರೆ. ಈಗ ಹುಡುಗಿಯರೂ ಬರುತ್ತಾರೆ, ಅವರದ್ದೂ ಅದೇ ಪ್ರಶ್ನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಲಿಯಲಿಕ್ಕೆ ನಾನು ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿಯವರನ್ನೇ ತೋರಿಸುತ್ತೇನೆ. ಮೆಸ್ಸಿಯನ್ನು ನೋಡಿ ಖುಷಿಪಡಿ, ಬೇಡ ಅನ್ನುವುದಿಲ್ಲ. ಆದರೆ ಮೆಸ್ಸಿ ಮಾಡುವುದು ನಮ್ಮ ಕಾಲಿಗೆ ಬರುವಂಥದ್ದಲ್ಲ. ಛೆಟ್ರಿಯವರ ಎತ್ತರ 5 ಅಡಿ 7 ಇಂಚು. ನಮ್ಮ ಬೀದಿಯಲ್ಲಿ ಅವರಿಗಿಂತ ಎತ್ತರದ ಹುಡುಗರು ಎಷ್ಟು ಬೇಕಾದರೂ ಸಿಗುತ್ತಾರೆ. ಮಿಂಚಿನ ವೇಗವೂ ಅಲ್ಲ, ಕಂಡಲ್ಲಿಂದ ಬಲೆ ಹರಿಯುವ ಹಾಗೆ ಒದೆಯುವ ಕಾಲೂ ಅಲ್ಲ. ಆದರೂ 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯದಲ್ಲೇ ಗೋಲ್ ಹೊಡೆದರು, 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ನಿವೃತ್ತಿ ಹೇಳುವಾಗ ಭಾರತಕ್ಕಾಗಿ 151 ಪಂದ್ಯಗಳಲ್ಲಿ 94 ಗೋಲ್ ಆಗಿತ್ತು. ಪುರುಷರ ಫುಟ್‌ಬಾಲ್‌ನಲ್ಲಿ ದೇಶದ ಪರ ಹೊಡೆದ ಗೋಲಿನಲ್ಲಿ ಆಗ ಅವರಿಗಿಂತ ಮುಂದೆ ಇದ್ದದ್ದು ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ, ಮೂರೇ ಜನ. ಮತ್ತೆ 2025ರ ಮಾರ್ಚ್‌ನಲ್ಲಿ ವಾಪಸ್ ಬಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 95ನೆಯದ್ದೂ ಹೊಡೆದರು. ವಯಸ್ಸು 40. ಹೊಡೆದದ್ದು ತಲೆಯಿಂದ!

ಅಷ್ಟು ಗಿಡ್ಡ ಮನುಷ್ಯ ತಲೆಯಿಂದ ಇಷ್ಟೊಂದು ಗೋಲ್ ಹೊಡೆಯುವುದು ಹೇಗೆ? ಇಲ್ಲಿಂದಲೇ ಪಾಠ ಶುರು ಮಾಡೋಣ.

ಅವರ ಹತ್ತು ಗೋಲ್‌ಗಳ ವಿಡಿಯೊ ಹುಡುಕಿ. 2021ರ ಜೂನ್‌ನಲ್ಲಿ ದೋಹಾದಲ್ಲಿ ಬಾಂಗ್ಲಾದೇಶದ ವಿರುದ್ಧ ಹೊಡೆದ ಹೆಡರ್ ಒಂದು, ಮಾಲ್ಡೀವ್ಸ್ ವಿರುದ್ಧದ್ದು ಇನ್ನೊಂದು, ಇವೆರಡು ಇರಲೇಬೇಕು. ಗೋಲ್ ಆಗುವುದನ್ನು ನೋಡಬೇಡಿ, ಅದು ಹೇಗೂ ಆಗಿಯೇ ಆಗುತ್ತದೆ. ಅದಕ್ಕಿಂತ ಮೂರು ಸೆಕೆಂಡ್ ಹಿಂದೆ ನಿಲ್ಲಿಸಿ. ಚೆಂಡು ಇನ್ನೂ ವಿಂಗ್‌ನಲ್ಲಿ, ಅಂದರೆ ಮೈದಾನದ ಬದಿಯಲ್ಲಿ ಇರುತ್ತದೆ, ಅಲ್ವಾ? ಈಗ ಛೆಟ್ರಿ ಎಲ್ಲಿದ್ದಾರೆ, ಅವರ ಡಿಫೆಂಡರ್ ಎತ್ತ ನೋಡುತ್ತಿದ್ದಾನೆ, ಇವೆರಡನ್ನೇ ನೋಡಿ. ಡಿಫೆಂಡರ್‌ಗೆ ಒಂದು ಕಷ್ಟ ಉಂಟು: ಅವನು ಚೆಂಡನ್ನೂ ನೋಡಬೇಕು, ನಿಮ್ಮನ್ನೂ ನೋಡಬೇಕು, ಎರಡೂ ಒಟ್ಟಿಗೆ ಆಗುವುದಿಲ್ಲ. ಬದಿಯಲ್ಲಿ ಆಡುವ ವಿಂಗರ್ ಗೋಲಿನ ಎದುರಿಗೆ ಚೆಂಡು ಹಾಕಲು (ಕ್ರಾಸ್) ತಲೆ ತಗ್ಗಿಸಿದ ಆ ಕ್ಷಣ ಅವನ ಕಣ್ಣು ಚೆಂಡಿನ ಕಡೆಗೆ ಹೋಗುತ್ತದೆ. ನೀವು ಜಾಗ ಬದಲಿಸಬೇಕಾದದ್ದು ಆಗಲೇ. ಮೊದಲು ಅವನ ಬೆನ್ನ ಹಿಂದೆ ಸರಿಯಿರಿ, ಎರಡು ಹೆಜ್ಜೆ ದೂರ ಹೋಗುವ ಹಾಗೆ ಮಾಡಿ, ಅವನು ನಿಮ್ಮನ್ನು ಹುಡುಕಲು ತಿರುಗುವಷ್ಟರಲ್ಲಿ ಅವನ ಮುಂದಿನಿಂದ ನುಗ್ಗಿ. ಅಲ್ಲಿಗೆ ಆರಡಿ ಎತ್ತರ ಇದ್ದವನ ಎತ್ತರ ಕೆಲಸಕ್ಕೆ ಬರುವುದಿಲ್ಲ. ಅವನು ಇನ್ನೂ ನೆಲದಲ್ಲಿ, ನೀವು ಗಾಳಿಯಲ್ಲಿ.

ಇದನ್ನು ಅಭ್ಯಾಸ ಮಾಡಲು ಮೂರು ಜನ ಸಾಕು. ಮರಳಲ್ಲಿ 7.32 ಮೀಟರ್ ಅಳೆದು ಎರಡು ಕೋಲು ನೆಡಿ, ಅದೇ ನಿಜವಾದ ಗೋಲಿನ ಅಗಲ. ಅಲ್ಲಿಂದ ಮುಂದಕ್ಕೆ 5.5 ಮೀಟರಿಗೆ ಒಂದು ಚಪ್ಪಲಿ, 11 ಮೀಟರಿಗೆ ಇನ್ನೊಂದು. ಮೊದಲನೆಯದ್ದು ಚಿಕ್ಕ ಬಾಕ್ಸ್‌ನ ಗೆರೆ, ಎರಡನೆಯದ್ದು ಪೆನಾಲ್ಟಿ ಜಾಗ. ಈ ಎರಡು ಚಪ್ಪಲಿಗಳ ಮಧ್ಯೆ, ಎರಡು ಕೋಲುಗಳ ನೇರಕ್ಕೆ ಇರುವ ಆ ಚೌಕವೇ ನಿಮ್ಮ ಮನೆ. ಒಬ್ಬ ಬದಿಯಿಂದ ಕೈಯಲ್ಲೇ ಚೆಂಡು ಎಸೆಯಲಿ, ಒಬ್ಬ ಡಿಫೆಂಡರ್ ಆಗಲಿ. ನೀವು ಚೌಕದ ಹೊರಗಿಂದ ಶುರು ಮಾಡಿ, ದೂರ ಸರಿದು ಒಳಗೆ ನುಗ್ಗಿ, ಒಂದೇ ಟಚ್‌ನಲ್ಲಿ ಮುಗಿಸಿ. ಮೊದಲೇ ಹೋಗಿ ಚೌಕದೊಳಗೆ ನಿಂತು ಕಾಯಬೇಡಿ, ನಿಂತವನನ್ನು ಹಿಡಿಯುವುದು ಸುಲಭ. ಚೆಂಡೂ ನೀವೂ ಒಟ್ಟಿಗೆ ಅಲ್ಲಿ ಸೇರಬೇಕು. ಮರಳಲ್ಲಿ ಆ ಎರಡು ಹೆಜ್ಜೆ ತುಂಬಾ ಭಾರ ಅನ್ನಿಸುತ್ತದೆ. ಒಂದು ತಿಂಗಳು ಮಾಡಿ ಮೈದಾನಕ್ಕೆ ಬನ್ನಿ, ಕಾಲು ಎಷ್ಟು ಹಗುರ ಆಗಿದೆ ಅಂತ ನಿಮಗೇ ಗೊತ್ತಾಗುತ್ತದೆ.

ಜರ್ಮನಿಯ ಗೆರ್ಡ್ ಮುಲ್ಲರ್ 62 ಪಂದ್ಯಗಳಲ್ಲಿ 68 ಗೋಲ್ ಹೊಡೆದವರು. ಅವರೂ ಗಿಡ್ಡ. ಅವರ ಹಳೆಯ ವಿಡಿಯೊ ನೋಡಿದರೆ ಮತ್ತೆ ಮತ್ತೆ ಇದೇ ಚೌಕ ಕಾಣಿಸುತ್ತದೆ.

ಹೊಡೆಯುವ ವಿಷಯಕ್ಕೆ ಬಂದರೆ, ಬಾಕ್ಸ್ ಒಳಗೆ ಜೋರಿಗಿಂತ ಜಾಗ ಮುಖ್ಯ. ಕಾಲಿನ ಒಳಬದಿಯಿಂದ, ಚೆಂಡಿನ ಮೇಲೆ ಮೈ ಬಾಗಿಸಿ, ನೆಲಕ್ಕೆ ತಾಗಿ ಹೋಗುವ ಹಾಗೆ ಮೂಲೆಗೆ. ದಿನಕ್ಕೆ ನಲ್ವತ್ತು ಚೆಂಡು, ಅದರಲ್ಲಿ ಇಪ್ಪತ್ತು ನಿಮಗೆ ಬಾರದ ಕಾಲಿನಿಂದ. ಬಾರದ ಕಾಲನ್ನು ನಮ್ಮ ಮಕ್ಕಳು ಮುಟ್ಟುವುದೇ ಇಲ್ಲ. ಚೆಂಡು ಎಡಕ್ಕೆ ಬಂದರೆ ಅದನ್ನು ಬಲಕ್ಕೆ ತಂದುಕೊಳ್ಳುವಷ್ಟರಲ್ಲಿ ಡಿಫೆಂಡರ್ ಕಾಲು ಹಾಕಿ ಆಗಿರುತ್ತದೆ, ಆಮೇಲೆ ಪಾಸ್ ಸರಿ ಬರಲಿಲ್ಲ ಅಂತ ಗೆಳೆಯನಿಗೆ ಬೈಗುಳ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ನಮ್ಮ ಊರಿನ ಮಳೆಗಾಲ ಸ್ಟ್ರೈಕರ್‌ಗೆ ಒಳ್ಳೆಯ ಶಾಲೆ. ಜೂನ್‌ನಿಂದ ಮೈದಾನ ಕೆಸರು ಅಂತ ಮನೆಯಲ್ಲಿ ಕೂರಬೇಡಿ. ಒದ್ದೆ ಚೆಂಡು ಕೀಪರ್ ಕೈಯಲ್ಲಿ ನಿಲ್ಲುವುದಿಲ್ಲ. ಗೆಳೆಯ ಹೊಡೆದ ಪ್ರತಿಯೊಂದು ಶಾಟ್‌ನ ಹಿಂದೆಯೂ ಓಡಿ, ಕೀಪರ್ ಹಿಡಿದೇ ಹಿಡಿಯುತ್ತಾನೆ ಅಂತ ಅನ್ನಿಸಿದರೂ ಓಡಿ. ಹತ್ತು ಸಲ ಸುಮ್ನೆ ಓಡಿದ ಹಾಗೆ ಆಗುತ್ತದೆ. ಹನ್ನೊಂದನೆಯ ಸಲ ಚೆಂಡು ಕೈ ಜಾರಿ ನಿಮ್ಮ ಕಾಲ ಬುಡಕ್ಕೆ ಬೀಳುತ್ತದೆ.

ಹೀಗೆ ಓಡಿದ್ದಕ್ಕೆ ಸಿಕ್ಕ ಒಂದು ಗೋಲನ್ನು ನಮ್ಮ ರಾಜ್ಯದಲ್ಲೇ ಜನ ಕಣ್ಣಾರೆ ನೋಡಿದ್ದಾರೆ. 2023ರ ಜೂನ್ 21, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಸ್ಯಾಫ್ ಚಾಂಪಿಯನ್‌ಶಿಪ್, ಎದುರಾಳಿ ಪಾಕಿಸ್ತಾನ. ಹತ್ತನೇ ನಿಮಿಷದಲ್ಲಿ ಚೆಂಡು ಪಾಕ್ ಕೀಪರ್ ಕಾಲಲ್ಲಿತ್ತು. ಛೆಟ್ರಿಗೆ ಆಗ 38 ವರ್ಷ, ಸಂಜೆಯಿಡೀ ಆಡಬೇಕು, ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಮೇಲೆ ಹೋದರು, ಕೀಪರ್ ಗಲಿಬಿಲಿಯಾದ, ಚೆಂಡು ಇವರಿಗೆ, ಖಾಲಿ ಗೋಲು. ಮತ್ತೆ ಎರಡು ಪೆನಾಲ್ಟಿ ಹೊಡೆದು ಹ್ಯಾಟ್ರಿಕ್ ಮಾಡಿದರು, ಭಾರತ 4-0. ಆ ಮೊದಲ ಗೋಲನ್ನು ಅದೃಷ್ಟ ಅಂದವರು ಇದ್ದಾರೆ. ನಾನು ಒಪ್ಪುವುದಿಲ್ಲ.

ಪೆನಾಲ್ಟಿಯನ್ನು ಸುಸ್ತಾದ ಮೇಲೆ ಅಭ್ಯಾಸ ಮಾಡಿ. ಅಭ್ಯಾಸ ಎಲ್ಲ ಮುಗಿದು ಉಸಿರು ಹತ್ತಿರುವಾಗ ಐದು ಹೊಡೆಯಿರಿ. ಪಂದ್ಯದಲ್ಲಿ ಬರುವುದೂ ಹಾಗೆಯೇ. ಯಾವ ಮೂಲೆ ಅಂತ ಚೆಂಡು ಇಡುವ ಮೊದಲೇ ನಿರ್ಧರಿಸಿ, ಓಡಿ ಬರುವಾಗ ಬದಲಿಸಬೇಡಿ.

ಇನ್ನು ಆಫ್‌ಸೈಡ್, ಅಂದರೆ ಪಾಸ್ ಹೊರಡುವಾಗಲೇ ಡಿಫೆಂಡರ್‌ಗಳ ಗೆರೆ ದಾಟಿ ಗೋಲಿನ ಹತ್ತಿರ ಇರುವುದು. ನಮ್ಮ ಕಡೆ ಹೊನಲು ಬೆಳಕಿನ ಸೆವೆನ್ಸ್ (ಏಳೇಳು ಜನರ) ಪಂದ್ಯಾಟಗಳು ಜಾಸ್ತಿ, ಹಲವು ಕಡೆ ಆಫ್‌ಸೈಡ್ ನೋಡುವುದೇ ಇಲ್ಲ. ಆಡಿ, ಅದರ ಗಮ್ಮತ್ತೇ ಬೇರೆ. ಆದರೆ ಅಲ್ಲಿ ಗೋಲಿನ ಹತ್ತಿರ ನಿಂತು ಅಭ್ಯಾಸ ಆದವನು ಹನ್ನೊಂದು ಜನರ ಆಟದಲ್ಲಿ ಸಲ ಸಲವೂ ಬಾವುಟಕ್ಕೆ ಸಿಕ್ಕಿ ಬೀಳುತ್ತಾನೆ. ಡಿಫೆಂಡರ್‌ಗಳ ಗೆರೆಗೆ ಸಮನಾಗಿ ಅಡ್ಡಕ್ಕೆ ಓಡಿ, ಪಾಸ್ ಮಾಡುವವನು ತಲೆ ಎತ್ತಿ ನಿಮ್ಮನ್ನು ನೋಡಿ ಕಾಲು ಬೀಸಿದಾಗ ಒಳಕ್ಕೆ ತಿರುಗಿ. ಗೆರೆಗೆ ಸಮ ಇದ್ದರೆ ಆಫ್‌ಸೈಡ್ ಅಲ್ಲ. ಥ್ರೋ-ಇನ್, ಕಾರ್ನರ್, ಗೋಲ್ ಕಿಕ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡೇ ಇಲ್ಲ. ಕಾಲೇಜು ತಂಡದಲ್ಲಿ ಆಡುವವರಿಗೂ ಥ್ರೋ-ಇನ್‌ನ ಈ ನಿಯಮ ಗೊತ್ತಿಲ್ಲದ್ದನ್ನು ನೋಡಿದ್ದೇನೆ.

ಮೈ ಕಾಯುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಫಿಫಾದವರ "11+" ಅಂತ ಒಂದು ವಾರ್ಮ್‌ಅಪ್ ಉಂಟು, ಹದಿನೈದು ವ್ಯಾಯಾಮ, ಇಪ್ಪತ್ತು ನಿಮಿಷ, ಮೊಣಕಾಲು ಉಳಿಸಲಿಕ್ಕೆ ತುಂಬಾ ಒಳ್ಳೆಯದು. ಬೇಸಗೆಯಲ್ಲಿ ನಮ್ಮ ಕೆಂಪು ಮಣ್ಣಿನ ಮೈದಾನ ಮುರಕಲ್ಲಿನ ಹಾಗೆ ಗಟ್ಟಿ ಆಗುತ್ತದೆ, ಅಲ್ಲಿ ಉದ್ದ ಸ್ಟಡ್‌ನ ಬೂಟು ಬೇಡ, ಚಿಕ್ಕ ರಬ್ಬರ್ ಗುಬುಟಿನ ಶೂ ಸಾಕು. ಬೆವರು ಜಾಸ್ತಿ ಹೋಗುವ ಊರು ನಮ್ಮದು, ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯಿರಿ. ರಾತ್ರಿ ಮೊಬೈಲ್ ಬಿಟ್ಟು ಮಲಗಿ.

ಇನ್ನು ದಾರಿ. ಇದರಲ್ಲಿ ಮೋಸ ಹೋಗುವವರು ಜಾಸ್ತಿ, ಆದ್ದರಿಂದ ನಿಧಾನ ಓದಿ. ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಪಂದ್ಯಗಳಲ್ಲಿ ಆಡುವ ಒಂದು ಕ್ಲಬ್ ಸೇರಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ (ಎಐಎಫ್‌ಎಫ್) ಆನ್‌ಲೈನ್ ನೋಂದಣಿ ಮಾಡಿಸಿ. ವಯಸ್ಸು ಕಡಿಮೆ ತೋರಿಸುವ ಕೆಲಸಕ್ಕೆ ಹೋಗಲೇಬೇಡಿ. ಶಾಲೆ, ಪಿಯು, ವಿಶ್ವವಿದ್ಯಾಲಯ ತಂಡಗಳ ಆಯ್ಕೆ ಬಿಡಬೇಡಿ. ಹದಿನೆಂಟರ ಹೊತ್ತಿಗೆ ನೀವು ಇಲ್ಲಿ ನಿಜವಾಗಿಯೂ ಗೋಲ್ ಹೊಡೆಯುತ್ತಿದ್ದರೆ ಬೆಂಗಳೂರಿಗೆ ಹೋಗಬೇಕಾಗುತ್ತದೆ, ಅಲ್ಲಿನ ಡಿವಿಷನ್ ಲೀಗ್‌ಗಳಲ್ಲಿ ಆಡಿದರೆ ನೋಡುವ ಕಣ್ಣುಗಳು ಇರುತ್ತವೆ. ಅಲ್ಲಿಂದ ರಾಜ್ಯ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಗೆ ಆಡುವ ರಾಜ್ಯ ತಂಡ. ಕರ್ನಾಟಕ 54 ವರ್ಷಗಳ ನಂತರ ಆ ಟ್ರೋಫಿ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.

ದುಡ್ಡು ಕೊಟ್ಟರೆ ದೊಡ್ಡ ಕ್ಲಬ್‌ನ ಟ್ರಯಲ್ಸ್ (ಆಟ ನೋಡಿ ಆಯ್ಕೆ ಮಾಡುವುದು) ಮಾಡಿಸಿ ಕೊಡುತ್ತೇನೆ ಅನ್ನುವವರನ್ನು ನಂಬಬೇಡಿ. ನಮ್ಮಲ್ಲಿ ಬರುತ್ತಿದ್ದ ಒಬ್ಬ ಹುಡುಗನ ಅಪ್ಪ, ಬೋಟಿಗೆ ಹೋಗುವವರು, ಹೀಗೆ ಒಬ್ಬ ಏಜೆಂಟನಿಗೆ ಸಾಲ ಮಾಡಿ ಹಣ ಕೊಟ್ಟರು. ಹುಡುಗ ಬ್ಯಾಗ್ ಕಟ್ಟಿಕೊಂಡು ಹೋಗಿ ಗೇಟಿನ ಹೊರಗೆ ನಿಂತು ವಾಪಸ್ ಬಂದ. ಆ ದಿನ ಅವನ ಮುಖ ನಾನು ಮರೆತಿಲ್ಲ. ಟ್ರಯಲ್ಸ್ ಇದೆ ಅಂತ ಯಾರಾದರೂ ಹೇಳಿದರೆ ಆ ಕ್ಲಬ್‌ಗೇ ಫೋನ್ ಮಾಡಿ ಕೇಳಿ.

ಒಂದು ಕಡೆ ಬೇಡ ಅಂದರೆ ಅಲ್ಲಿಗೇ ಮುಗಿಯಿತು ಅಂತಲೂ ತಿಳಿಯಬೇಡಿ. ಛೆಟ್ರಿ 2002ರಲ್ಲಿ ಮೋಹನ್ ಬಾಗಾನ್‌ನಲ್ಲಿ ಶುರು ಮಾಡಿದವರು. ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ ಅಂತ ಊರೂರು ಸುತ್ತಿದರು. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು, ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ಗೆ ಹೋದರೆ ಅಲ್ಲಿ ಎರಡನೇ ತಂಡದಲ್ಲಿ ಕೆಲವೇ ಪಂದ್ಯ. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಬರುವಾಗ ಹತ್ತಿರ ಹತ್ತಿರ 29. ಆ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು. 2017-18ರಲ್ಲಿ ಮಿಕು ಎಂಬ ವೆನೆಜುವೆಲಾದವರು ಮಧ್ಯದ ಸ್ಟ್ರೈಕರ್ ಆಗಿ ಆಡಿದಾಗ ಛೆಟ್ರಿ ಹೆಚ್ಚಾಗಿ ಎಡ ವಿಂಗ್‌ಗೆ ಸರಿದರು, ನನ್ನ ಜಾಗ ಹೋಯಿತು ಅಂತ ಕೂರಲಿಲ್ಲ, ಅಲ್ಲಿಂದಲೇ ಒಳಗೆ ಓಡಿ ಓಡಿ ಆ ಸೀಸನ್ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 14 ಗೋಲ್ ಹೊಡೆದರು. ನಿಮ್ಮ ಕೋಚ್ ನಿಮ್ಮನ್ನು ವಿಂಗ್‌ನಲ್ಲಿ ಆಡಿಸಿದರೆ ಮುಖ ಸಪ್ಪೆ ಮಾಡುವ ಮೊದಲು ಇದನ್ನು ನೆನಪು ಮಾಡಿಕೊಳ್ಳಿ. ಇಂಗ್ಲೆಂಡಿನ ಹ್ಯಾರಿ ಕೇನ್ ಕೂಡ ಟಾಟನ್‌ಹ್ಯಾಮ್‌ನಲ್ಲಿ ನೆಲೆ ಊರುವ ಮೊದಲು ನಾಲ್ಕು ಕ್ಲಬ್‌ಗಳಿಗೆ ಸಾಲವಾಗಿ (ಲೋನ್), ಅಂದರೆ ಸ್ವಲ್ಪ ಕಾಲಕ್ಕೆ ಮಾತ್ರ ಆಡಲು, ಹೋಗಿ ಬಂದವರು.

ಗೋಲ್ ಬಾರದ ದಿನಗಳು ಎಲ್ಲರಿಗೂ ಬರುತ್ತವೆ. ಆರು ಪಂದ್ಯ, ಎಂಟು ಪಂದ್ಯ, ಏನು ಮಾಡಿದರೂ ಒಳಗೆ ಹೋಗುವುದಿಲ್ಲ. ಆಗಲೇ ಹುಡುಗರು ಮತ್ತೆ ಇಪ್ಪತ್ತೈದು ಮೀಟರಿನಿಂದ ಒದೆಯಲು ಶುರು ಮಾಡುವುದು. ಅದಕ್ಕೆ ನಮ್ಮವರಿಗೆಲ್ಲ ಒಂದೊಂದು ಇನ್ನೂರು ಪುಟದ ನೋಟ್ ಪುಸ್ತಕ ಇಡಲು ಹೇಳಿದ್ದೇನೆ. ಪಂದ್ಯ ಮುಗಿದ ಮೇಲೆ ಮೂರು ಸಂಖ್ಯೆ ಬರೆಯಬೇಕು: ಆ ಚೌಕದೊಳಗೆ ಎಷ್ಟು ಸಲ ಓಡಿದೆ, ಎಷ್ಟು ಸಲ ಚೆಂಡು ಬಂತು, ಎಷ್ಟು ಗೋಲ್. ಮೊದಲ ಸಂಖ್ಯೆ ನಿಮ್ಮ ಕೈಯಲ್ಲಿರುವುದು, ನಾನು ನೋಡುವುದೂ ಅದನ್ನೇ. ಗೇಟಿನಿಂದ ವಾಪಸ್ ಬಂದ ಆ ಹುಡುಗ ಈಗಲೂ ದೋಣಿ ಹತ್ತುವ ಮೊದಲು ಪುಸ್ತಕ ತಂದು ತೋರಿಸುತ್ತಾನೆ. ಹೋದ ವಾರದ್ದು ಹೀಗಿತ್ತು: ಓಡಿದ್ದು 17, ಚೆಂಡು ಬಂದದ್ದು 3, ಗೋಲ್ 1.