ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿಯುವ ಮಗುವಿಗೆ ತುಂಡು ಬಳಪ ಕೊಡಿ

ನಾಲ್ಕೈದು ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದರೆ ಗದರಿ ಬೆರಳು ತಿದ್ದಬೇಡಿ. ಉದ್ದ ಪೆನ್ಸಿಲ್ ಎತ್ತಿಟ್ಟು 2–3 ಸೆಂ.ಮೀ. ಉದ್ದದ ಬಳಪ ಅಥವಾ ಕ್ರೇಯಾನ್ ತುಂಡು ಕೊಡಿ. ಅಷ್ಟು ಚಿಕ್ಕದು ಮುಷ್ಟಿಗೆ ಸಿಗುವುದಿಲ್ಲ, ಹೆಬ್ಬೆರಳು, ತೋರುಬೆರಳು, ನಡುಬೆರಳು ತಾವಾಗಿಯೇ ಕೂಡುತ್ತವೆ. ಉಳಿದೆರಡು ಬೆರಳು ಚಾಚಿಕೊಂಡೇ ಇದ್ದರೆ ಅವುಗಳೊಳಗೆ ಸಣ್ಣ ಹತ್ತಿಯುಂಡೆ ಅದುಮಿ ಹಿಡಿಯಲು ಹೇಳಿ. (ಬಳಪ ತಿನ್ನುವ ಮಗುವಾದರೆ ಪಕ್ಕದಲ್ಲೇ ಕೂತಿರಿ!)

ಸ್ಲೇಟನ್ನು ಗೋಡೆಗೆ, ಮಗುವಿನ ಕಣ್ಣಿನ ಮಟ್ಟಕ್ಕೆ ತೂಗುಹಾಕಿ. ನಿಂತು ಬರೆಯುವಾಗ ಮಣಿಕಟ್ಟು ಸರಿಯಾಗಿ ಹಿಂದಕ್ಕೆ ಬಾಗುತ್ತದೆ, ಭುಜಕ್ಕೂ ಬಲ ಬರುತ್ತದೆ. ಕೂತು ಬರೆಯುವುದಾದರೆ ಕಾಲು ಜೋತಾಡಬಾರದು, ಪಾದದಡಿ ಮಣೆ ಇಡಿ.

ಅಕ್ಷರಕ್ಕೆ ಆತುರ ಬೇಡ. ಮೊದಲು ನಿಂತ ಗೆರೆ, ಅಡ್ಡ ಗೆರೆ, ಸೊನ್ನೆ, ಆಮೇಲೆ ಕೂಡಿಸುವ ಚಿಹ್ನೆ. ನಮ್ಮ ಲಿಪಿ ಪೂರ್ತಿ ದುಂಡು. ಸೊನ್ನೆಯ ಬಾಯಿ ಮುಚ್ಚಲು ಬಾರದ ಮಗುವಿಗೆ ‘ಅ’ ಬರೆಸುವುದು ಶಿಕ್ಷೆಯೇ ಸರಿ. ಶಾಲೆಗಳಲ್ಲಿ ಬಳಸುವ ‘ರ ಗ ಸ ದ ಅ’ ಕ್ರಮ ಹಿಡಿಯಿರಿ.

ಊಟದ ತಟ್ಟೆಯಲ್ಲಿ ರವೆ ತೆಳ್ಳಗೆ, ತಳ ಮುಚ್ಚುವಷ್ಟೇ ಹರಡಿ ತೋರುಬೆರಳಲ್ಲಿ ‘ರ’ ತಿದ್ದಿಸಿ. ದಪ್ಪ ಹರಡಿದರೆ ಬೆರಳು ಮುಂದೆ ಹೋಗುತ್ತಿದ್ದಂತೆ ಹಿಂದಿನ ಗೆರೆ ಕುಸಿದು ಮುಚ್ಚಿಹೋಗುತ್ತದೆ. ಚುಕ್ಕೆ ಸೇರಿಸುವ ಹಾಳೆಗಳನ್ನು ನೆಚ್ಚಿಕೊಳ್ಳಬೇಡಿ: ಮಗು ಚುಕ್ಕೆಯಿಂದ ಚುಕ್ಕೆಗೆ ನಿಂತು ನಿಂತು ಹೋಗುತ್ತದೆ, ಅಕ್ಷರದ ಓಟ ಕೈಗೆ ಬರುವುದೇ ಇಲ್ಲ.

ದಿನಕ್ಕೆ ಎರಡು ಸಲ, ಐದೈದು ನಿಮಿಷ ಸಾಕು. ಗುಂಡಿ ಹಾಕಲು, ಚಮಚ ಹಿಡಿಯಲೂ ಕಷ್ಟವಾಗುತ್ತಿದ್ದರೆ ಮಕ್ಕಳ ವೈದ್ಯರಲ್ಲಿ ಕೇಳಿ ಆಕ್ಯುಪೇಷನಲ್ ಥೆರಪಿಸ್ಟ್‌ಗೆ (ದಿನನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ಚಿಕಿತ್ಸಕರಿಗೆ) ತೋರಿಸಿ.