ಹೈದರಾಬಾದಿಗೆ ಕೊತಂಬರಿ ಕಳಿಸೋದು ಕಲಿತದ್ದು

ನಮ್ಮ ಮುತ್ಯಾ ‘ಪ್ಯಾಟಿಗಿ ಹೋಗಿ ಬರ್ತೀನಿ’ ಅಂದರೆ ಹೈದರಾಬಾದಿಗೇ. 1956ರ ತನಕ ನಮ್ಮ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ. ಈಗಲೂ ರಾತ್ರಿ ಹುಮನಾಬಾದ್ ಬಿಟ್ಟು ಜಹೀರಾಬಾದ್ ದಾಟಿದರೆ ಬೆಳಗಾಗುವುದರೊಳಗೆ ಅಲ್ಲಿನ ಬೋಯಿನಪಲ್ಲಿ ತರಕಾರಿ ಮಾರ್ಕೆಟ್ ಮುಟ್ಟಬಹುದು. ಹತ್ತಿರ ಇದೆಯಲ್ಲ ಅನ್ನೋ ಧೈರ್ಯವೇ ಮೊದಲ ವರ್ಷ ನನ್ನನ್ನು ಕೆಡಿಸಿದ್ದು.

ಒಂದು ಎಕರೆ ಕೆಂಪು ಮಣ್ಣಿಗೆ ಒಂದೇ ದಿನ ಕೊತಂಬರಿ ಚೆಲ್ಲಿದೆ. ಎಲ್ಲ ಒಮ್ಮೆಲೇ ಕೀಳಲು ಬಂತು, ಆಳು ಸಿಗಲಿಲ್ಲ. ಮಟಮಟ ಮಧ್ಯಾಹ್ನ ಕಿತ್ತು, ಬಾಡಬಾರದೆಂದು ನೀರು ಹೊಡೆದು, ಚೀಲಕ್ಕೆ ಒತ್ತಿ ತುಂಬಿದೆ. ಮಾರ್ಕೆಟ್ಟಿನಲ್ಲಿ ಚೀಲ ಬಿಚ್ಚಿ ಕೈ ಹಾಕಿದರೆ ತಿಪ್ಪೆಯೊಳಗಿನಂಥ ಕಾವು! ಎಲೆ ಕಪ್ಪಿಟ್ಟಿತ್ತು. ಮಾಲು ಮಾರಿಕೊಡುವ ದಲಾಲಿ, ಅಡತಿಯವನು, ಮೂಸಿ ನೋಡಿ ಪಕ್ಕಕ್ಕೆ ಸರಿಸಿದ. ಟೆಂಪೋ ಬಾಡಿಗೆ ಕೈಯಿಂದ ಕೊಟ್ಟು ಬಂದೆ.

ಮರುವರ್ಷ ಅದೇ ಎಕರೆಯನ್ನು 5 ಗುಂಟೆಯ 8 ಮಡಿ ಮಾಡಿ, ವಾರಕ್ಕೊಂದು ಮಡಿ ಬಿತ್ತಿದೆ. ಮೊದಲನೆಯದು 40 ದಿನಕ್ಕೆ ಕೀಳಲು ಬಂದಾಗ ಕೊನೆಯ ಎರಡಕ್ಕೆ ಇನ್ನೂ ಬೀಜವೇ ಬಿದ್ದಿರಲಿಲ್ಲ. ಮನೆಮಂದಿ, ನಾಲ್ಕು ಹೆಣ್ಣಾಳು, ಅಷ್ಟರಲ್ಲೇ ಕೆಲಸ ಮುಗಿಯಿತು.

ಕೊತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜ. ಚಪ್ಪಲಿಯಿಂದ ಹಗುರಾಗಿ ಉಜ್ಜಿ ಹೋಳು ಮಾಡಬೇಕು. ಜೋರು ಮಾಡಿದರೆ ಸಾರಿನ ಪುಡಿಯಾದೀತು. ಒಂದು ರಾತ್ರಿ ನೆನೆಸಿ, ನೆರಳಲ್ಲಿ ಆರಿಸಿ ಚೆಲ್ಲುತ್ತೇನೆ. ಮಡಿಗೆ 1.5 ಕಿಲೋ ಸಾಕು. ಏಪ್ರಿಲ್, ಮೇ ಬಿಸಿಲಿಗೆ ನೆರಳು ಪರದೆ ಇಲ್ಲದೆ ಮೊಳಕೆ ಸರಿಯಾಗಿ ಬರುವುದಿಲ್ಲ. ಪರದೆಗೆ ಖರ್ಚಿದೆ, ಆದರೆ ರೇಟೂ ಆಗಲೇ.

ಕೀಳುವ ಹಿಂದಿನ ಸಂಜೆ ನೀರು ಬಿಟ್ಟರೆ ಬೇರು ಹರಿಯದೆ ಬರುತ್ತದೆ. ಈಗ ಬಿಸಿಲಿಳಿದ ಮೇಲೆಯೇ ಕೀಳುವುದು. ಬೇರಿನ ಮಣ್ಣು ಮಾತ್ರ ತೊಳೆಯುತ್ತೇವೆ, ಎಲೆಗೆ ನೀರು ಮುಟ್ಟಿಸುವುದಿಲ್ಲ. ಚೀಲ ಬಿಟ್ಟು, ಗಾಳಿಯಾಡುವ ಕ್ರೇಟಿನಲ್ಲಿ ಬೇರು ಕೆಳಗೆ ಮಾಡಿ ನಿಲ್ಲಿಸಿ ರಾತ್ರಿ 11ಕ್ಕೆ ಗಾಡಿ ಬಿಡುತ್ತೇವೆ. ಹೊತ್ತು ಹುಟ್ಟಿದ ಮೇಲೆ ಮುಟ್ಟಿದರೆ ಅಡತಿಯವನು ಹೇಳಿದ್ದೇ ರೇಟು.

ಇಷ್ಟೆಲ್ಲ ಆದರೂ ಒಂದು ತಕರಾರು ಉಳಿದಿತ್ತು. ನಮ್ಮ ಸೂಡಿಗೆ, ಅಂದರೆ ಸೊಪ್ಪಿನ ಕಂತೆಗೆ, ಅಲ್ಲಿ ‘ಕಟ್ಟ’ ಅಂತಾರೆ, ಲೆಕ್ಕ ತೂಕದ್ದಲ್ಲ, ಎಣಿಕೆಯದು. ನಮ್ಮ ಹೆಣ್ಣಾಳುಗಳದು ಧಾರಾಳ ಕೈ, ಒಂದು ಸೂಡು ಅಲ್ಲಿನ ಒಂದೂವರೆ ಕಟ್ಟದಷ್ಟು. ಅಲ್ಲಿಂದ ಒಂದು ಕಟ್ಟ ತಂದು, ಅದರ ದಪ್ಪಕ್ಕೆ ದಾರ ಕತ್ತರಿಸಿ ಎಲ್ಲರ ಕೈಗೂ ಒಂದೊಂದು ಕೊಟ್ಟೆ. ‘ಇಷ್ಟ್ ಸಣ್ಣ ಸೂಡು ಯಾರ್ ತಗೋತಾರೋ ಯಪ್ಪಾ’ ಅಂತ ಅವ್ವ ಈಗಲೂ ಬೈಯುತ್ತಾಳೆ.