ಹೆರಾಲ್ಡ್ ಕಾರಿಗೆ ಸೈಡ್ ಮಿರರ್: ತೂತು ಹಾಕುವ ಮೊದಲು ಸೀಟಿನಲ್ಲಿ ಕುಳಿತು ನೋಡಿ

ನಮ್ಮ ಕಲಬುರಗಿಯ ಸೇಡಂ ರಸ್ತೆಯಲ್ಲಿ ಹಿಂದಿನಿಂದ ಸಿಮೆಂಟ್ ಲಾರಿ ಬಂದರೆ ಹಾರ್ನ್ ಕೇಳುವ ಮೊದಲೇ ಅದು ಕಣ್ಣಿಗೆ ಬೀಳಬೇಕು. ಸೂಪರ್ ಮಾರ್ಕೆಟ್ ಹತ್ತಿರ ಎಡಗಡೆಯ ಸಂದಿಯಲ್ಲಿ ಬೈಕ್ ನುಗ್ಗುತ್ತದೆ, ಅದೂ ಕಾಣಬೇಕು. ನಮ್ಮ ಕಾಕಾರ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಇದ್ದದ್ದು ಬಲಗಡೆ ಒಂದೇ ಕನ್ನಡಿ. ಅಂಚಿನಿಂದ ಕಪ್ಪು ಹಬ್ಬಿ, ನಡುವೆ ನಾಣ್ಯದಷ್ಟು ಜಾಗ ಮಾತ್ರ ಉಳಿದಿತ್ತು.

ಎರಡು ಬಾಗಿಲಿನ ಈ ಗಾಡಿ ನನಗೆ ಬಹಳ ಪ್ರೀತಿ. ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿತ್ತು. 948 ಸಿಸಿ ಎಂಜಿನ್, ಇಟಲಿಯ ಮಿಕೆಲೊಟ್ಟಿ ಬಿಡಿಸಿದ ಮೈಕಟ್ಟು. ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಬಂದದ್ದು ಇದೇ ಹೆರಾಲ್ಡ್‌ನ ಚಾಸಿಯನ್ನು, ಅಂದರೆ ಅಡಿಯ ಚೌಕಟ್ಟನ್ನು, ಮೊಟಕು ಮಾಡಿ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಬಹಳಷ್ಟು ಹಳೆಯ ಸ್ಪೋರ್ಟ್ಸ್ ಕಾರಿಗೂ ಹೊಂದುತ್ತದೆ. ಫಿಯಟ್ ಇಟ್ಟುಕೊಂಡವರಿಗೂ ಉಪಯೋಗವಾದೀತು.

ಮೊದಲ ಸಲ ನಾನು ಬೇರೆ ಊರಿನ ಒಂದು ವರ್ಕ್‌ಶಾಪಿಗೆ ಗಾಡಿ ಕೊಟ್ಟಿದ್ದೆ. ಅವರು ಹೊರಗೆ ನಿಂತು, ಬಲಗಡೆಯ ಅಳತೆಯನ್ನೇ ಎಡಗಡೆಗೂ ಹಿಡಿದು ತೂತು ಹಾಕಿದರು. ನೋಡಲು ಚಂದ ಇತ್ತು. ಡ್ರೈವರ್ ಸೀಟಿನಲ್ಲಿ ಕುಳಿತರೆ ಎಡಗನ್ನಡಿಯ ಅರ್ಧ ಭಾಗ ಕಿಟಕಿಯ ಕಂಬದ ಹಿಂದೆ! ಆ ತೂತು ಮುಚ್ಚಲು ವೆಲ್ಡಿಂಗ್ ಆಯಿತು, ಉಜ್ಜಿದ್ದಾಯಿತು, ಇಡೀ ಬಾಗಿಲಿಗೆ ಬಣ್ಣ ಹೊಡೆಸಬೇಕಾಯಿತು. ಎಷ್ಟು ಸಂಕಟ ಆಯಿತೆಂದರೆ ಮೂರು ತಿಂಗಳು ಡ್ರಿಲ್ ಮುಟ್ಟಲಿಲ್ಲ. ಎರಡನೇ ಸಲ ನಮ್ಮ ಕಲಬುರಗಿಯ ಮೆಕ್ಯಾನಿಕ್ ಉಸ್ತಾದರ ಜೊತೆ ನಾನೇ ನಿಂತು ಮಾಡಿದೆ. ಅವರು ಮೊದಲೇ ಹೇಳಿದರು: "ಮೊದ್ಲ ಸೀಟಿನ್ಯಾಗ ಕುಂತು ನೋಡ್ರಿ. ತೂತು ಆಮ್ಯಾಲ ಹಾಕೋಣು."

ಮೊದಲು ಜಾಗದ ಮಾತು. ಹಳೆಯ ಗಾಡಿಗಳಲ್ಲಿ ಮುಂದಿನ ಮಡ್‌ಗಾರ್ಡ್ ಮೇಲೆ ಉದ್ದ ಕಾಲಿನ ಕನ್ನಡಿ ಕೂರಿಸುವುದುಂಟು. ತಲೆ ಹೊರಳಿಸದೆ ಕಾಣುತ್ತದೆ, ಅದು ಲಾಭ. ಆದರೆ ದೂರ ಇರುವುದರಿಂದ ಬಿಂಬ ಸಣ್ಣದು. ಕೂತಲ್ಲಿಂದ ಕೈ ಎಟುಕುವುದಿಲ್ಲ, ಸರಿಮಾಡಲು ಪ್ರತಿ ಸಲ ಇನ್ನೊಬ್ಬರು ಬೇಕು. ಹೆರಾಲ್ಡ್‌ನಲ್ಲಂತೂ ಬಾನೆಟ್ ಎತ್ತಿದರೆ ಎರಡೂ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ವಾಲುತ್ತದೆ. ಕನ್ನಡಿಯೂ ಅದರ ಜೊತೆ ಹೋಗುತ್ತದೆ, ಪ್ರತಿ ಸಲ ಅಲುಗಾಡುತ್ತದೆ. ಹಾಗಾಗಿ ಬಾಗಿಲೇ ಸರಿ ಅಂತ ನನ್ನ ಅಭಿಪ್ರಾಯ.

ಗಾಜು ಎರಡು ಥರ. ಸಪಾಟು ಗಾಜಿನಲ್ಲಿ ಹಿಂದಿನ ಗಾಡಿ ಇರುವಷ್ಟೇ ದೂರದಲ್ಲಿ ಕಾಣುತ್ತದೆ, ಆದರೆ ಕಾಣುವ ಅಗಲ ಕಡಿಮೆ. ಉಬ್ಬು ಗಾಜಿನಲ್ಲಿ ಜಾಸ್ತಿ ಅಗಲ ಕಾಣುತ್ತದೆ, ಆದರೆ ಹತ್ತಿರದ ಲಾರಿಯೂ ದೂರ ಇದ್ದಂತೆ ಅನ್ನಿಸುತ್ತದೆ. ನಾನು ಬಲಕ್ಕೆ ಸಪಾಟು, ಎಡಕ್ಕೆ ಉಬ್ಬು ಹಾಕಿದ್ದೇನೆ. ಎಡಗನ್ನಡಿ ಕಣ್ಣಿನಿಂದ ದೂರ, ಸಪಾಟು ಗಾಜಿನಲ್ಲಿ ಅಲ್ಲಿ ಬಹಳ ಕಡಿಮೆ ಕಾಣುತ್ತದೆ. ಅಂಗಡಿಯಲ್ಲಿ ಗುರುತಿಸುವುದು ಸುಲಭ. ಸ್ಟೀಲ್ ಸ್ಕೇಲಿನ ಅಂಚನ್ನು ಗಾಜಿನ ಮೇಲೆ ನಿಲ್ಲಿಸಿ. ಪೂರ್ತಿ ಕೂತರೆ ಸಪಾಟು, ತೂಗಾಡಿದರೆ ಉಬ್ಬು.

ಹೊಳಪು ನೋಡಿ ಮರುಳಾಗಬೇಡಿ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಗಟ್ಟಿಯಾಗಿ ಅಂಟಿಕೊಂಡರೆ ಹೆಚ್ಚಾಗಿ ಅದು ಕಬ್ಬಿಣದ ಮೇಲೆ ಕ್ರೋಮ್, ಮಳೆಗಾಲದಲ್ಲಿ ಚುಕ್ಕಿ ಚುಕ್ಕಿಯಾಗಿ ತುಕ್ಕು ಏಳುತ್ತದೆ. ಹಿತ್ತಾಳೆ ಮೇಲೆ ಕ್ರೋಮ್ ಇದ್ದರೆ ಕೈಗೆ ಭಾರ ಗೊತ್ತಾಗುತ್ತದೆ. ಹಳೆಯ ಸಾಮಾನಿನಲ್ಲಿ ಗುಳ್ಳೆ ಎದ್ದ ಸತುವಿನ ಎರಕ ಬಂದರೆ ಬಿಟ್ಟುಬಿಡಿ. ಆ ಗುಳ್ಳೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇನ್ನೊಂದು ಪರೀಕ್ಷೆ: ಬುಡ ಹಿಡಿದು ಕನ್ನಡಿಯ ತಲೆಗೆ ಬೆರಳಿಂದ ತಟ್ಟಿ. ತುಂಬಾ ಹೊತ್ತು ನಡುಗಿದರೆ ಎಂಜಿನ್ ಐಡಲ್‌ನಲ್ಲಿದ್ದಾಗಲೂ ಹಾಗೇ ನಡುಗುತ್ತದೆ. ಕಾಲು ದಪ್ಪ ಮತ್ತು ಗಿಡ್ಡ ಇದ್ದಷ್ಟೂ ಒಳ್ಳೆಯದು. ನಾನು ತಂದದ್ದು ನಾಲ್ಕೂವರೆ ಇಂಚಿನ ದುಂಡನೆಯವು.

ಈಗ ಮುಖ್ಯ ಕೆಲಸ. ಬೆಳಿಗ್ಗೆ ಏಳಕ್ಕೇ ಶುರು ಮಾಡಿ. ನಮ್ಮ ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲಿಗೆ ಮಾಸ್ಕಿಂಗ್ ಟೇಪಿನ ಅಂಟು ಬಣ್ಣಕ್ಕೆ ಕಚ್ಚಿಕೊಂಡುಬಿಡುತ್ತದೆ. ಸೀಟನ್ನು ನೀವು ಓಡಿಸುವ ಜಾಗಕ್ಕೆ ತಂದು, ಎಂದಿನಂತೆ ಒರಗಿ ಕುಳಿತುಕೊಳ್ಳಿ. ಹೊರಗೆ ಇನ್ನೊಬ್ಬರು ಕನ್ನಡಿ ಹಿಡಿದು ಬಾಗಿಲ ಮೇಲಂಚಿನ ಗುಂಟ ನಿಧಾನ ಸರಿಸಲಿ. ನೀವು ಒಳಗಿಂದ ಹೇಳುತ್ತಾ ಹೋಗಿ. ಮುಂದಿನ ಸಣ್ಣ ತ್ರಿಕೋನದ ಗಾಜಿನೊಳಗಿಂದ ಇಡೀ ಕನ್ನಡಿ ಕಾಣಬೇಕು. ಆ ಗಾಜಿನ ಕಂಬ ಅಡ್ಡ ಬಂದರೆ ಅರ್ಧ ಅಂಗುಲ ಮುಂದೆ ಹೋಗಿ. ನಮ್ಮದರಲ್ಲಿ ಎಡಗಡೆಯ ಜಾಗ ಬಲಗಡೆಯದಕ್ಕಿಂತ ಒಂದು ಇಂಚು ಮುಂದೆ ಬಂತು. ಎದುರಿಗೆ ನಿಂತು ನೋಡಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಅಲ್ಲಿಗೇ ಟೇಪ್ ಅಂಟಿಸಿ, ಪೆನ್ಸಿಲ್ ಗುರುತು ಹಾಕಿ, ಇನ್ನೆರಡು ತಪಾಸಣೆ ಮಾಡಿ. ಒಂದು, ತ್ರಿಕೋನದ ಗಾಜನ್ನು ಪೂರ್ತಿ ತೆರೆಯಿರಿ. ಅದರ ಹಿಂಭಾಗ ಹೊರಕ್ಕೆ ತಿರುಗುತ್ತದೆ, ಕನ್ನಡಿಯ ಕಾಲಿಗೆ ತಾಗಬಾರದು. ಎರಡು, ಬಾಗಿಲ ಒಳಗಿನ ರೆಕ್ಸಿನ್ ಹಲಗೆ ಬಿಚ್ಚಿ ಕೈ ಹಾಕಿ ನೋಡಿ. ಇಳಿಯುವ ಗಾಜು ಮೇಲೆ ಇದ್ದರೂ ಅದರ ಕೆಳ ಅಂಚು ಬಾಗಿಲೊಳಗೇ ಇರುತ್ತದೆ. ಅದಕ್ಕೇ ತೂತು ಗಾಜಿನ ಹಳಿಗಿಂತ ಮುಂದಕ್ಕೆ ಇರಬೇಕು. ಬೋಲ್ಟಿನ ತುದಿ ಗಾಜಿಗೆ ತಾಗಿದರೆ ಗಾಜು ಹೋಯಿತು ಅಂತಲೇ ಲೆಕ್ಕ.

ಇಷ್ಟಾದ ಮೇಲೆ ಡ್ರಿಲ್. ಟೇಪಿನ ಮೇಲೆ ಸೆಂಟರ್ ಪಂಚ್ (ಗುರುತು ಹಾಕುವ ಮೊನಚು ಉಕ್ಕಿನ ಕಡ್ಡಿ) ಇಟ್ಟು ಹಗುರವಾಗಿ ಒಂದೇ ಏಟು. ತೆಳು ತಗಡು, ಜೋರಾಗಿ ಹೊಡೆದರೆ ಕುಳಿ ಬೀಳುತ್ತದೆ. ಉಸ್ತಾದರು ಇಲ್ಲಿ ಮಾಡಿದ್ದನ್ನು ನಾನು ಇಂದಿಗೂ ಪಾಲಿಸುತ್ತೇನೆ. ಒಂದು ಮರದ ತುಂಡಿಗೆ ತೂತು ಹಾಕಿ, ಅದನ್ನು ಡ್ರಿಲ್ ಬಿಟ್‌ಗೆ ಮಣಿಯಂತೆ ಪೋಣಿಸಿದರು. ತುದಿಯಲ್ಲಿ ಬಿಟ್ ಹೊರಗೆ ಉಳಿದದ್ದು ಬರೀ 5 ಮಿಲಿಮೀಟರ್. ತಗಡು ದಾಟುತ್ತಿದ್ದ ಹಾಗೆ ಮರ ಬಂದು ಬಾಗಿಲಿಗೆ ತಡೆಯಿತು, ಒಳಗೆ ಏನೂ ಗಾಯ ಆಗಲಿಲ್ಲ. ಮೊದಲು 3 ಮಿಲಿಮೀಟರ್ ಬಿಟ್, ಆಮೇಲೆ ಬೋಲ್ಟಿಗೆ ತಕ್ಕದ್ದು. 6 ಮಿಲಿಮೀಟರ್ ಬೋಲ್ಟಿಗೆ 6.5 ಮಿಲಿಮೀಟರ್ ತೂತು ಸಾಕು.

ತೂತಿನ ಅಂಚನ್ನು ದುಂಡು ಅರದಿಂದ ಉಜ್ಜಿ ಮೊನಚು ತೆಗೆಯಿರಿ. ಬಿದ್ದ ಕಬ್ಬಿಣದ ಪುಡಿಯನ್ನು ಬಾಗಿಲ ತಳದಿಂದ ಅಯಸ್ಕಾಂತ ಹಾಕಿ ಎತ್ತಿ, ಇಲ್ಲವಾದರೆ ಅಲ್ಲೇ ತುಕ್ಕಾಗಿ ನೀರು ಹೋಗುವ ಕಂಡಿ ಕಟ್ಟುತ್ತದೆ. ಬೆತ್ತಲೆ ಅಂಚಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ, ಅದರ ಮೇಲೆ ಗಾಡಿಯ ಬಣ್ಣ. ಒಂದು ರಾತ್ರಿ ಒಣಗಲು ಬಿಡಿ. ಅವಸರದಲ್ಲಿ ಈ ಕೆಲಸ ಬಿಟ್ಟವರ ಗಾಡಿಯಲ್ಲಿ ಎರಡೇ ಮಳೆಗಾಲಕ್ಕೆ ಕನ್ನಡಿಯ ಬುಡದಿಂದ ಕಂದು ನೀರು ಇಳಿದ ಗೆರೆ ನೋಡಿದ್ದೇನೆ.

ಕೂರಿಸುವಾಗ ಕನ್ನಡಿಯ ಬುಡಕ್ಕೂ ಬಣ್ಣಕ್ಕೂ ನಡುವೆ ರಬ್ಬರ್ ಬೇಕೇ ಬೇಕು. ಜೊತೆಗೆ ಬಂದ ರಬ್ಬರ್ ತೆಳು ಇದ್ದರೆ ಸೈಕಲ್ ಟ್ಯೂಬ್ ಕತ್ತರಿಸಿ ಇನ್ನೊಂದು ಪದರ ಕೊಡಿ. ಒಳಗಡೆ ಸುಮ್ನೆ ವಾಶರ್ ಒಂದೇ ಹಾಕಿದರೆ ತಗಡು ಬಗ್ಗುತ್ತದೆ, ಕನ್ನಡಿ ನಡುಗುತ್ತದೆ. 2 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ಎರಡು ಇಂಚು ಉದ್ದ ಕತ್ತರಿಸಿ, ಬಣ್ಣ ಹೊಡೆದು, ಒಳಗಿಂದ ಆನಿಸಿ. ಆಮೇಲೆ ವಾಶರ್, ಆಮೇಲೆ ನೈಲಾನ್ ಇರುವ ನಟ್. ರಬ್ಬರ್ ಸ್ವಲ್ಪ ಒತ್ತಿದರೆ ಸಾಕು, ಪಕ್ಕಕ್ಕೆ ಉಬ್ಬಿ ಹೊರಬರುವಷ್ಟು ಬಿಗಿಯಬೇಡಿ.

ಹೊಂದಿಸುವುದು ಹೀಗೆ: ದೂರದ ನೆಲ ಮತ್ತು ಆಕಾಶ ಸೇರುವ ಗೆರೆ ಕನ್ನಡಿಯ ನಡುವೆ ಬರಬೇಕು, ನಿಮ್ಮ ಗಾಡಿಯ ಪಕ್ಕ ಒಂದು ಬೆರಳಗಲ ಮಾತ್ರ ಕಾಣಬೇಕು. ಆಮೇಲೆ ಮನೆಯವರೊಬ್ಬರನ್ನು ಗಾಡಿಯ ಹಿಂದಿನಿಂದ ಎಡಗಡೆ ಗುಂಟ ನಡೆಸಿ. ನಮ್ಮ ತಮ್ಮನ ಮಗಳು ನಡೆದಳು. ಕನ್ನಡಿಯಿಂದ ಮರೆಯಾದ ಕೂಡಲೇ ಎಡ ಕಿಟಕಿಯಲ್ಲಿ ಅವಳ ಹೆಗಲು ಕಂಡಿತು. ನಡುವೆ ಮೂರು ಹೆಜ್ಜೆ ಮಾಯವಾದರೆ ಕನ್ನಡಿಯನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿ. ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಗುಡಿಯ ಕಡೆ ಹೋಗುವವರಿಗೆ ಈ ಮೂರು ಹೆಜ್ಜೆ ದೊಡ್ಡ ವಿಷಯ. ಮಕ್ಕಳು ಎಲ್ಲಿಂದ ಬಂದು ಗಾಡಿಯ ಪಕ್ಕ ನಿಲ್ಲುತ್ತಾರೋ ಹೇಳಲಾಗದು, ಅಲ್ವಾ?

ರಿಂಗ್ ರೋಡಿನಲ್ಲಿ ಒಂದು ಸುತ್ತು ಓಡಿಸಿ. ಗಾಳಿಗೆ ಕನ್ನಡಿಯ ತಲೆ ಮಡಚಿಕೊಂಡರೆ ತಲೆ ತಿರುಗುವ ಹಿಂದಿನ ಗುಂಡು ಕೀಲಿನ ಸ್ಕ್ರೂ ಕಾಲು ಸುತ್ತು ಬಿಗಿಯಿರಿ. ರೆಕ್ಸಿನ್ ಹಲಗೆಯನ್ನು ಎಂಟು ದಿನ ಹಾಕಬೇಡಿ. ಅಷ್ಟರಲ್ಲಿ ರಬ್ಬರ್ ಅದುಮಿಕೊಂಡು ನಟ್ ಸಡಿಲ ಆಗಿರುತ್ತದೆ. ನಮ್ಮದರಲ್ಲಿ ಅರ್ಧ ಸುತ್ತು ಹಿಡಿಯಿತು. ಅದಾದ ಮೇಲೆಯೇ ಹಲಗೆ ಹಾಕಿ ಕ್ಲಿಪ್ ಒತ್ತಿದೆ.